ವಾಪಸ್ ಯಾವಾಗ?

ಪರಊರಿನಲ್ಲಿ ನೆಲೆಸಿದವರು ರಜೆಗೆಂದು ಊರಿಗೆ ಹೋದಾಗ ಓಣಿಯ ತುದಿಯಲ್ಲೇ ಎದುರಾಗುವ ಮೊದಲ ಪ್ರಶ್ನೆ, 'ಯಾವಾಗ ಬಂದ್ರಿ?' ಅದರ ಬೆನ್ನಿಗೇ ಬರುವುದು ಎರಡನೆಯದು, 'ವಾಪಸ್ ಯಾವಾಗ?' ಕೇಳುವವರಿಗೆ ನಮ್ಮನ್ನು ಓಡಿಸುವ ಉದ್ದೇಶ ಇರುವುದಿಲ್ಲ. ಮಾತಿಗೊಂದು ಮಾತು, ಅಷ್ಟೆ. ಆದರೂ ಆ ಪ್ರಶ್ನೆಯೊಳಗೆ ಒಂದು ತೀರ್ಮಾನ ಕೂತಿರುತ್ತದೆ: ಈತ ಇಲ್ಲಿಯವನಲ್ಲ, ಬಂದು ಹೋಗುವವನು. ದಿಲ್ಲಿಯಲ್ಲಿ ಮೂರೂವರೆ ದಶಕಕ್ಕೂ ಮೇಲ್ಪಟ್ಟು ಬದುಕಿರುವ ನನಗೆ ಈ ಪ್ರಶ್ನೆ ರೂಢಿಯಾಗಿಬಿಟ್ಟಿದೆ. ಇತ್ತೀಚೆಗೆ ಗೊತ್ತಾದದ್ದೇನೆಂದರೆ ಪರದೇಶದ ವೀಸಾ ಅರ್ಜಿ ಕೂಡ ಸುತ್ತಿ ಬಳಸಿ ಇದನ್ನೇ ಕೇಳುತ್ತದೆ. ಯಾಕೆ ಬರುತ್ತೀರಿ? ವಾಪಸ್ ಯಾವಾಗ? ಇವೆರಡಕ್ಕೂ ಪ್ರಾಮಾಣಿಕವಾದ ಉತ್ತರ ಕೊಡುವುದು ಸಾಧ್ಯವೇ ಎಂಬುದೇ ಈ ಬರಹದ ವಿಷಯ.

ಆಸ್ಟ್ರೇಲಿಯಾ ದೇಶ 1975ರಲ್ಲಿ ಒಂದು ಹೊಸ ಬಗೆಯ ವೀಸಾ ಶುರು ಮಾಡಿತು. ಬ್ರಿಟನ್, ಐರ್ಲೆಂಡ್, ಕೆನಡಾ ದೇಶಗಳ ಹುಡುಗ ಹುಡುಗಿಯರು ಬಂದು ಊರೂರು ಸುತ್ತಬಹುದು. ಕೈಯಲ್ಲಿ ಕಾಸು ತೀರಿದರೆ ಯಾವುದಾದರೂ ಹೋಟೆಲಿನಲ್ಲಿ ತಟ್ಟೆ ತೊಳೆದೋ, ತೋಟದಲ್ಲಿ ಹಣ್ಣು ಕಿತ್ತೋ ಸಂಪಾದಿಸಿಕೊಂಡು ಮತ್ತೆ ಮುಂದಕ್ಕೆ ಹೋಗಬಹುದು. ರಜೆ ಮುಖ್ಯ, ದುಡಿಮೆ ಅದಕ್ಕೆ ಊರುಗೋಲು. ಈ ಬಾಗಿಲು ಭಾರತದವರಿಗೆ ತೆರೆಯಲು ಸುಮಾರು ಅರ್ಧ ಶತಮಾನ ಹಿಡಿಯಿತು. ಎರಡು ದೇಶಗಳ ನಡುವಿನ ವ್ಯಾಪಾರ ಒಪ್ಪಂದ 2022ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಅದರಲ್ಲಿ ಕೊಟ್ಟ ಮಾತಿನಂತೆ 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 1,000 ಮಂದಿ ಭಾರತೀಯರಿಗೆ ಈ ಅವಕಾಶ ಸಿಕ್ಕಿತು. ವಯಸ್ಸು 18ರಿಂದ 30ರೊಳಗೆ ಇರಬೇಕು, ಪಿಯುಸಿಯ ನಂತರ ಎರಡು ವರ್ಷ ಓದಿರಬೇಕು, ಇಂಗ್ಲಿಷ್ ಬರಬೇಕು, ಸುಮಾರು 5,000 ಆಸ್ಟ್ರೇಲಿಯನ್ ಡಾಲರ್ ಕೈಯಲ್ಲಿರಬೇಕು. ಸಾವಿರಕ್ಕಿಂತ ಹೆಚ್ಚು ಜನ ಬರುವುದು ಖಚಿತವಾದ್ದರಿಂದ 25 ಡಾಲರ್ ಕಟ್ಟಿಸಿಕೊಂಡು ಚೀಟಿ ಎತ್ತುವ ಕ್ರಮ ಇಟ್ಟರು. ಅಕ್ಟೋಬರಿನಲ್ಲಿ ಹೆಸರು ಬರೆಸುವುದು ಶುರುವಾದ ಮೊದಲ ಎರಡು ವಾರಗಳಲ್ಲೇ ಅರ್ಜಿಗಳು 40,000 ಮುಟ್ಟಿದವೆಂದು ಆ ದೇಶದ ಸಹಾಯಕ ಸಚಿವರೇ ಹೇಳಿದರು. ಬ್ರಿಟನ್ ಕೂಡ 2023ರಿಂದ ಇಂಥದೇ ಒಂದು ಯೋಜನೆ ನಡೆಸುತ್ತಿದೆ. ಅಲ್ಲಿ ವರ್ಷಕ್ಕೆ 3,000 ಜಾಗ, ಪದವಿ ಆಗಿರಬೇಕು, ಎರಡು ವರ್ಷ ಇರಬಹುದು. ಅಲ್ಲಿಯೂ ಚೀಟಿಯೇ.

ಆ ನಲವತ್ತು ಸಾವಿರದಲ್ಲಿ ಒಬ್ಬಳು ನನ್ನ ಅಕ್ಕನ ಮಗಳು. ಧಾರವಾಡದಲ್ಲಿ ಓದಿ, ಗುರುಗ್ರಾಮದ ಒಂದು ಕಂಪನಿಯಲ್ಲಿ ಕೆಲಸ ಮಾಡಿಕೊಂಡು, ಅಲ್ಲೇ ಪಿಜಿಯಲ್ಲಿ ಇರುವ ಹುಡುಗಿ. ಆಗ ಆಕೆಗೆ ಇಪ್ಪತ್ತೇಳು. ಶನಿವಾರ ಮೆಟ್ರೋ ಹಿಡಿದು ದ್ವಾರಕಾದ ನಮ್ಮ ಮನೆಗೆ ಬಂದು, ಅತ್ತೆಯ ಕೈಯಿಂದ ಜೋಳದ ರೊಟ್ಟಿ ಮಾಡಿಸಿಕೊಂಡು ತಿಂದು ಹೋಗುತ್ತಾಳೆ. ಅಂಥ ಒಂದು ಶನಿವಾರ ವಿಷಯ ಹೇಳಿದಳು. 'ಮಾಮಾ, ಒಂದ್ ವರ್ಷ ಎಲ್ಲಾ ಬಿಟ್ಟು ಅಡ್ಡಾಡಿ ಬರ್ತೀನ್ರಿ.' 'ಯಾಕ?' ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಯಾರಿಗೆ ಹೇಳೂ ಉತ್ತರ ಬೇಕ್ರಿ ನಿಮಗ? ಅವ್ವಗ ಹೇಳೂದೋ, ಆಫೀಸರಿಗೆ ಹೇಳೂದೋ?' ಎಂದು ನಕ್ಕಳು.

ಆ ನಗು ನನ್ನನ್ನು ಬಹಳ ದಿನ ಕಾಡಿತು. ವೀಸಾ ಕೊಡುವ ಅಧಿಕಾರಿಗೆ ಆಕೆ ಹೇಳಬೇಕಾದದ್ದು: ನಾನು ದೇಶ ನೋಡಲು ಬರುತ್ತಿದ್ದೇನೆ, ಕೆಲಸ ಬರೀ ದಾರಿಖರ್ಚಿಗೆ. ಊರಲ್ಲಿರುವ ತಾಯಿಗೆ ಹೇಳಬೇಕಾದದ್ದು ಅದರ ತಿರುಗುಮುರುಗು: ಅಲ್ಲಿ ಕೆಲಸ ಮಾಡಿದ ಅನುಭವ ಇದ್ದರೆ ಮುಂದೆ ಒಳ್ಳೆಯ ನೌಕರಿ ಸಿಗುತ್ತದೆ, ಸುತ್ತಾಟ ಅದರ ಜೊತೆಗೆ ಒಂದಿಷ್ಟು. ಒಬ್ಬರಿಗೆ ಕೆಲಸದ ಹೆಸರೆತ್ತಿದರೆ ಅನುಮಾನ, ಇನ್ನೊಬ್ಬರಿಗೆ ಸುತ್ತಾಟದ ಹೆಸರೆತ್ತಿದರೆ ಅನುಮಾನ. ಎರಡೂ ಸುಳ್ಳಲ್ಲ. ಆದರೆ ಎರಡೂ ಪೂರ್ತಿ ನಿಜವೂ ಅಲ್ಲ. ಆಕೆಗೆ ನಿಜವಾಗಿ ಬೇಕಾಗಿದ್ದದ್ದು ಇವೆರಡರ ನಡುವಿನ ಯಾವುದೋ ಒಂದು. ಯಾರ ಮಗಳೂ ಅಲ್ಲದೆ, ಯಾರ ನೌಕರಳೂ ಅಲ್ಲದೆ ಸ್ವಲ್ಪ ದಿನ ಇದ್ದು ನೋಡಬೇಕು ಎನ್ನುವ ಆಸೆ. ಇದಕ್ಕೆ ಅರ್ಜಿಯಲ್ಲಿ ಕಾಲಂ ಇಲ್ಲ. ಧಾರವಾಡದ ಮನೆಯಲ್ಲೂ ಇಲ್ಲ.

'ದೇಶ ಸುತ್ತು, ಕೋಶ ಓದು' ಎಂಬ ಗಾದೆ ನಮ್ಮಲ್ಲಿ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಅದನ್ನು ನಾವು ಯಾರಿಗೆ ಹೇಳಿದ್ದು ಎಂದು ನೋಡಿ. ಕೆಲವು ಜಾತಿಗಳ ಮದುವೆಗಳಲ್ಲಿ ಕಾಶಿಯಾತ್ರೆ ಎಂಬ ಒಂದು ಶಾಸ್ತ್ರವಿದೆ. ವರ ಕೊಡೆ ಹಿಡಿದು, ಕೋಲು ಹಿಡಿದು, ಕಾಶಿಗೆ ಓದಲು ಹೊರಟೆ ಎಂದು ನಾಲ್ಕು ಹೆಜ್ಜೆ ಹಾಕುತ್ತಾನೆ. ಹೆಣ್ಣಿನ ಕಡೆಯವರು ಅಡ್ಡ ಬಂದು, ಬೇಡಪ್ಪ, ನಮ್ಮ ಹುಡುಗಿಯನ್ನು ಕೊಡುತ್ತೇವೆ, ಸಂಸಾರ ಮಾಡು ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ಫೋಟೋ ತೆಗೆಯುತ್ತಾರೆ. ಮದುವೆಗೆ ಮುಂಚೆ ಒಮ್ಮೆ ಎಲ್ಲವನ್ನೂ ಬಿಟ್ಟು ಹೊರಟುಬಿಡುವ ಆಸೆ ಮನುಷ್ಯನಿಗೆ ಇರುತ್ತದೆ ಎಂಬುದು ನಮ್ಮ ಹಿರಿಯರಿಗೂ ಗೊತ್ತಿತ್ತು. ಅದಕ್ಕೆ ನಾಲ್ಕು ಹೆಜ್ಜೆಯ ಜಾಗ ಕೊಟ್ಟರು. ಅದೂ ಗಂಡಿಗೆ ಮಾತ್ರ. ಹೆಣ್ಣಿನ ಕಾಶಿಯಾತ್ರೆಯ ಶಾಸ್ತ್ರ ನಾನಂತೂ ಕಂಡಿಲ್ಲ.

ಬಡವರ ಮನೆಯ ಗಂಡುಮಕ್ಕಳು ಬೇರೆ ದಾರಿ ಹಿಡಿದರು. ದಕ್ಷಿಣ ಕನ್ನಡದ ಕಡೆಯಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಮುಂಬಯಿಗೆ ಹೋಗಿ, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಕತೆ ನಮಗೆಲ್ಲ ಗೊತ್ತು. ಅದಕ್ಕೆ ವೀಸಾ ಬೇಕಿರಲಿಲ್ಲ, ಟಿಕೆಟ್ಟೂ ಎಷ್ಟೋ ಸಲ ಇರುತ್ತಿರಲಿಲ್ಲ. ಅವರನ್ನು ನಾವು ಮೆಚ್ಚುತ್ತೇವೆ, ಏಕೆಂದರೆ ಅವರು ಹೊಟ್ಟೆಗಾಗಿ ಹೋದವರು. ಹಸಿವಿನ ಕಾರಣಕ್ಕೆ ಮನೆ ಬಿಟ್ಟರೆ ಕ್ಷಮೆ ಇದೆ. ಹಸಿವಿಲ್ಲದೆ ಮನೆ ಬಿಡುವವರಿಗೆ ನಾವು ಕಾರಣ ಕೇಳುತ್ತೇವೆ. ಅದೇ ಲೋಟ ತೊಳೆಯುವ ಕೆಲಸವನ್ನು ಎಂ.ಬಿ.ಎ. ಓದಿದ ಹುಡುಗಿ ಮೆಲ್ಬರ್ನಿನಲ್ಲಿ ಮಾಡುತ್ತೇನೆಂದರೆ ನಮಗೆ ಅವಮಾನ. ಲೋಟವೇನೋ ಅದೇ. ನಮಗೆ ನಾಚಿಕೆ ತರುವುದು ಕೆಲಸವಲ್ಲ, ಆಯ್ಕೆ ಎಂದು ಕಾಣುತ್ತದೆ.

ಇನ್ನು ರೊಕ್ಕದ ಮಾತು. ಐದು ಸಾವಿರ ಡಾಲರ್ ಅಂದರೆ ಆಗಿನ ಲೆಕ್ಕದಲ್ಲಿ ಎರಡೂಮುಕ್ಕಾಲು ಲಕ್ಷ ರೂಪಾಯಿಯ ಮೇಲೆ. ಟಿಕೆಟ್ಟಿನ ಹಣ ಬೇರೆ. ಆಕೆಯ ಸಂಬಳದಲ್ಲಿ ಪಿಜಿಯ ಬಾಡಿಗೆ, ಊರಿಗೆ ಕಳಿಸುವುದು ಕಳೆದು ಅಷ್ಟು ಉಳಿದಿರಲಿಲ್ಲ. ವೀಸಾ ಏಜೆಂಟನೊಬ್ಬ ಅದಕ್ಕೊಂದು ಉಪಾಯ ಹೇಳಿದ್ದನಂತೆ: 'ಹಣ ನಾವು ಹಾಕ್ತೀವಿ, ವೀಸಾ ಬಂದ ಮೇಲೆ ವಾಪಸ್ ತಗೋತೀವಿ, ಬಡ್ಡಿ ಮಾತ್ರ ಕೊಡಿ.' ಇಂಥ ಹಣಕ್ಕೆ ಆ ವಲಯದಲ್ಲಿ ಒಂದು ಹೆಸರೇ ಇದೆ, ತೋರಿಸುವ ಹಣ. ಬ್ರಿಟನ್ನಿನವರು ಈ ಆಟ ಬಲ್ಲವರಾದ್ದರಿಂದ 2,530 ಪೌಂಡ್ ಸತತ 28 ದಿನ ಖಾತೆಯಲ್ಲಿ ಇದ್ದಿರಬೇಕು ಎಂದು ನಿಯಮ ಮಾಡಿಟ್ಟಿದ್ದಾರೆ. ಆದರೆ 28 ದಿನ ಕೂರಿಸಿದರೂ ತೋರಿಸುವ ಹಣ ತೋರಿಸುವ ಹಣವೇ. ನನ್ನ ಸೊಸೆಗೆ ಏಜೆಂಟನ ದಾರಿ ಹಿಡಿಸಲಿಲ್ಲ. 'ಮಾಮಾ, ನೀವ ಮೂರು ಲಕ್ಷ ಒಂದ್ ಮೂರ್ ತಿಂಗಳ ನನ್ನ ಅಕೌಂಟಿನಾಗ ಇಡ್ರೆಲ್ಲಾ. ವೀಸಾ ಬಂದ್ ಕೂಡ್ಲೆ ತಿರುಗಿ ಹಾಕ್ತೀನಿ' ಎಂದಳು.

ನೋಡಿ, ಸಂಬಂಧ ಹತ್ತಿರದ್ದಾದ ಮಾತ್ರಕ್ಕೆ ಕೆಲಸ ಬೇರೆಯಾಗುವುದಿಲ್ಲ. ಏಜೆಂಟ್ ಬಡ್ಡಿ ತೆಗೆದುಕೊಂಡು ಮಾಡುವುದನ್ನು ನಾನು ಪ್ರೀತಿಯಿಂದ ಮಾಡಿದೆ ಎಂದಿಟ್ಟುಕೊಳ್ಳಿ, ಕಾಗದ ಹೇಳುವ ಮಾತು ಆಗಲೂ ಅದೇ ಸುಳ್ಳು. ಆದರೆ ಇದನ್ನು ಬರೀ ಸರಕಾರಕ್ಕೆ ಹೇಳುವ ಸುಳ್ಳು ಎಂದು ನೋಡಿದರೆ ವಿಷಯದ ಅರ್ಧ ಮಾತ್ರ ಕಾಣುತ್ತದೆ. ಸರಕಾರಕ್ಕೆ ಹೇಳುವ ಸುಳ್ಳಿಗೆ ನಮ್ಮಲ್ಲಿ ಅಷ್ಟೇನೂ ಬೆಲೆಯಿಲ್ಲ ಎಂಬುದು ದಿಲ್ಲಿಯ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಕಡತ ನೋಡಿದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಐದು ಸಾವಿರ ಡಾಲರಿನ ನಿಯಮ ಯಾತಕ್ಕಿದೆ? ಗೊತ್ತಿಲ್ಲದ ಊರಿನಲ್ಲಿ ಇಳಿದ ಮೊದಲ ವಾರಗಳಲ್ಲಿ ಕೆಲಸ ಸಿಗದಿದ್ದರೆ ಊಟಕ್ಕೆ, ಕಾಯಿಲೆ ಬಿದ್ದರೆ ಔಷಧಕ್ಕೆ, ಸಾಕೆನಿಸಿದರೆ ವಾಪಸ್ ಬರುವ ಟಿಕೆಟ್ಟಿಗೆ. ಹಣ ಇಲ್ಲದ ಹುಡುಗಿ ಸಿಕ್ಕ ಸಂಬಳಕ್ಕೆ ಸಿಕ್ಕ ಕಡೆ ದುಡಿಯಬೇಕಾಗುತ್ತದೆ. ಬೇಡ ಎನ್ನುವ ಶಕ್ತಿ ಇರುವುದಿಲ್ಲ. ವೀಸಾ ಬಂದ ಮರುದಿನ ನಾನು ನನ್ನ ರೊಕ್ಕ ಎಳೆದುಕೊಂಡರೆ ಅಧಿಕಾರಿಗೆ ಮೋಸವಾದದ್ದಕ್ಕಿಂತ ಹೆಚ್ಚಾಗಿ ನಾನು ಈ ಹುಡುಗಿಯನ್ನು ಬರಿಗೈಯಲ್ಲಿ ಸಮುದ್ರದಾಚೆ ಕಳಿಸಿದ ಹಾಗಾಗುತ್ತದೆ. ಒಂದು ಕಾಗದ ನಿಜವೋ ಸುಳ್ಳೋ ಎಂಬುದು ಅದನ್ನು ತೋರಿಸಿದ ದಿನ ಗೊತ್ತಾಗುವುದಿಲ್ಲ. ಆ ಕಾಗದದ ಮೇಲೆ ಯಾರಾದರೂ ಭಾರ ಹಾಕಿದ ದಿನ ಗೊತ್ತಾಗುತ್ತದೆ.

ಆದ್ದರಿಂದ ಉಳಿದದ್ದು ಎರಡೇ ದಾರಿ. ಕೊಡುವುದಿಲ್ಲ ಎನ್ನುವುದು, ಅಥವಾ ನಿಜವಾಗಿ ಕೊಟ್ಟುಬಿಡುವುದು. ನಿವೃತ್ತಿಯ ಹಣ ಮುಗಿಯದ ಹೊಳೆಯೇನಲ್ಲ. ಮೊಣಕಾಲಿನ ಚಿಕಿತ್ಸೆಗೆಂದು ತೆಗೆದಿಟ್ಟದ್ದರಲ್ಲಿಯೇ ಇದನ್ನು ಕೊಡಬೇಕಾಗಿತ್ತು. ಹೆಂಡತಿಯನ್ನು ಕೇಳಿದೆ. ಆಕೆ ರೊಟ್ಟಿ ಬಡಿಯುತ್ತಲೇ, 'ಕೊಡೂದಿದ್ರ ಮರತು ಕೊಡ್ರಿ. ನೆನಪ ಇಟಗೊಂಡು ಕೊಡೂದಿದ್ರ ಕೊಡಬ್ಯಾಡ್ರಿ' ಎಂದಳು. ಇದಕ್ಕಿಂತ ಸ್ಪಷ್ಟವಾಗಿ ಯಾವ ನೀತಿಶಾಸ್ತ್ರವೂ ಹೇಳಲಾರದು. ಕಾಗದದಲ್ಲಿ ಉಡುಗೊರೆ ಎಂದು ಬರೆದು ಮನಸ್ಸಿನಲ್ಲಿ ಸಾಲ ಎಂದು ಇಟ್ಟುಕೊಂಡರೆ ಸುಳ್ಳು ಬ್ಯಾಂಕಿನಿಂದ ನನ್ನ ಎದೆಗೆ ಬಂತು, ಅಷ್ಟೇ ವ್ಯತ್ಯಾಸ. ನಮ್ಮ ಆದಾಯ ತೆರಿಗೆಯ ಕಾನೂನೂ ಸೋದರಮಾವ ಕೊಟ್ಟ ಉಡುಗೊರೆಗೆ ತೆರಿಗೆ ಹಾಕುವುದಿಲ್ಲ. ಸೋದರಮಾವನೆಂದರೆ ಕೊಡಬೇಕಾದವನು ಎಂಬುದು ಕಾನೂನಿಗೂ ಗೊತ್ತಿದೆ!

ಆದರೆ ಕೊಡುವ ಮೊದಲು ಧಾರವಾಡಕ್ಕೆ ಫೋನು ಮಾಡಬೇಕಿತ್ತು. ಅಕ್ಕನಿಗೆ ಗೊತ್ತಾಗದ ಹಾಗೆ ಆಕೆಯ ಮಗಳನ್ನು ಕಳಿಸುವುದು ಸರಿಯಲ್ಲ. ಅಕ್ಕ ಎಲ್ಲ ಕೇಳಿಸಿಕೊಂಡಳು. ಭಾವ ಹೋಗಿ ಆರು ವರ್ಷವಾಗಿದೆ, ಮನೆಯಲ್ಲಿ ಒಬ್ಬಳೇ. 'ನೀ ಕೊಡಬ್ಯಾಡ ನೋಡ ತಮ್ಮಾ' ಎಂದಳು. 'ಆಕಿ ಒಂದ್ ವರ್ಷ ಅಂತಾಳ. ನೀನೂ ಎರಡ್ ವರ್ಷ ಅಂದಿದ್ದಿ.' ನಾನು ಸುಮ್ಮನಿದ್ದೆ. ಅಕ್ಕ ಮತ್ತೆ ಹೇಳಿದಳು, 'ನೀ ಹೋದ ಮ್ಯಾಲ ಅವ್ವ ಅತ್ತದ್ದು ನಾ ನೋಡೀನಿ. ನೀ ನೋಡಿಲ್ಲ.'

1986ರಲ್ಲಿ ಮೀರಜಿನಲ್ಲಿ ಗಾಡಿ ಬದಲಿಸಿ ನಾನು ದಿಲ್ಲಿಗೆ ಹೊರಟಾಗ ಅವ್ವನಿಗೆ ಹೇಳಿದ್ದು ಹಾಗೆಯೇ. ಎರಡು ವರ್ಷ, ಆಮೇಲೆ ಬೆಂಗಳೂರಿಗೋ ಹುಬ್ಬಳ್ಳಿಗೋ ಬದಲಿ ಮಾಡಿಸಿಕೊಂಡು ಬರುತ್ತೇನೆ ಎಂದು. ದಿಲ್ಲಿಯ ಕನ್ನಡಿಗರಲ್ಲಿ ಈ ಮಾತು ಹೇಳದೆ ಬಂದವರು ಕಡಿಮೆ. ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘದಲ್ಲಿ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತವರನ್ನು ಕೇಳಿ ನೋಡಿ, ಮೂವತ್ತು ನಲವತ್ತು ವರ್ಷದ ಹಿಂದೆ 'ಎರಡು ವರ್ಷ' ಎಂದವರೇ ಅರ್ಧ ಸಾಲು. ಇವರೆಲ್ಲ ಸುಳ್ಳು ಹೇಳಿದವರೇ?

ಕಾಂಟ್ ಎಂಬ ಜರ್ಮನ್ ತತ್ವಜ್ಞಾನಿ 1785ರಲ್ಲಿ ಪ್ರಕಟವಾದ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಒಂದು ಉದಾಹರಣೆ ಕೊಡುತ್ತಾನೆ. ಕಷ್ಟದಲ್ಲಿರುವ ಒಬ್ಬ, ತೀರಿಸಲಾರೆನೆಂದು ಗೊತ್ತಿದ್ದೂ ತೀರಿಸುತ್ತೇನೆಂದು ಮಾತು ಕೊಟ್ಟು ಸಾಲ ಪಡೆಯುತ್ತಾನೆ. ಎಲ್ಲರೂ ಹೀಗೆ ಮಾಡತೊಡಗಿದರೆ ಮಾತು ಕೊಡುವುದಕ್ಕೇ ಅರ್ಥ ಉಳಿಯುವುದಿಲ್ಲ ಎಂಬುದು ಅವನ ವಾದ. ಒಪ್ಪುವಂಥದ್ದೇ. ಆದರೆ ಅವನ ಸಾಲಗಾರನಿಗೆ ತೀರಿಸಲಾರೆ ಎಂಬುದು ಮೊದಲೇ ಗೊತ್ತಿದೆ. ಗಾಡಿ ಹತ್ತುವ ಇಪ್ಪತ್ತೈದು ವರ್ಷದ ಹುಡುಗನಿಗೆ ಏನೂ ಗೊತ್ತಿರುವುದಿಲ್ಲ. ಬರುತ್ತೇನೆ ಎಂದು ಆತ ಹೇಳುವುದು ಇಂದಿನ ಮನಸ್ಸಿನಿಂದ. ನಾಳೆ ಉತ್ತರ ಕೊಡಬೇಕಾದವನು ಬೇರೊಬ್ಬ: ಮದುವೆಯಾದವನು, ಮಕ್ಕಳನ್ನು ಶಾಲೆಗೆ ಹಾಕಿದವನು, ಸಾಲ ಮಾಡಿ ಫ್ಲ್ಯಾಟು ತೆಗೆದುಕೊಂಡವನು. ಹೇಳಿದವನಿಗೂ ಉಳಿಸಿಕೊಳ್ಳಬೇಕಾದವನಿಗೂ ಹೆಸರು ಮಾತ್ರ ಒಂದೇ. ಹಾಗಾದರೆ ನಾಳೆಯ ಬಗ್ಗೆ ಯಾರೂ ಮಾತನ್ನೇ ಕೊಡಬಾರದೇ? ಕೊಡಬಹುದು. ಆದರೆ ಅದು ಭವಿಷ್ಯ ಹೇಳುವ ಮಾತಾಗಿರಬಾರದು, ಏನನ್ನೋ ಕೈಯಲ್ಲಿ ಹಿಡಿದು ಕೊಟ್ಟ ಮಾತಾಗಿರಬೇಕು. 'ಬಂದೇ ಬರ್ತೀನಿ' ಎಂಬುದು ಬರೀ ಗಾಳಿಯ ಮಾತು. 'ಬರಬೇಕೆನಿಸಿದರೆ ಬರಲಿಕ್ಕೆ ದಾರಿ ಇಟ್ಟುಕೊಂಡಿರುತ್ತೇನೆ' ಎಂಬುದನ್ನು ಉಳಿಸಿಕೊಳ್ಳಬಹುದು. ವಾಪಸ್ ಟಿಕೆಟ್ಟಿನ ಹಣ ಖಾತೆಯಲ್ಲಿ ಇರುವುದು ಅದಕ್ಕೇ.

ಇದನ್ನೇ ಅಕ್ಕನಿಗೆ ಹೇಳಲು ನೋಡಿದೆ. ಮಗಳು ವಾಪಸ್ ಬರುತ್ತಾಳೆಂದು ನಾನು ಹೊಣೆ ಹೊರಲಾರೆ, ಆದರೆ ಹಣವಿಲ್ಲದ್ದಕ್ಕೆ ಅಲ್ಲಿ ಸಿಕ್ಕಿಕೊಳ್ಳುವುದಿಲ್ಲ ಎಂಬುದಕ್ಕೆ ಹೊಣೆ ನನ್ನದು ಎಂದೆ. ಅಕ್ಕ ಒಪ್ಪಲಿಲ್ಲ. ಒಪ್ಪಬೇಕಾದ್ದೂ ಇಲ್ಲ. ಮನೆ ಬಿಡುವುದರ ಲೆಕ್ಕದಲ್ಲಿ ಒಂದು ತೊಡಕಿದೆ. ಹೋಗುವವರಿಗೆ ಲಾಭವೂ ನಷ್ಟವೂ ಎರಡೂ ಇರುತ್ತವೆ. ಉಳಿದವರಿಗೆ ಬಹಳ ಸಲ ನಷ್ಟ ಮಾತ್ರ. ಇಪ್ಪತ್ತೇಳು ವರ್ಷದ ಹೆಣ್ಣಿಗೆ ತನ್ನ ಬದುಕಿನ ಮೇಲೆ ಹಕ್ಕಿದೆ ಎಂಬುದು ಸತ್ಯ. ಆ ಹಕ್ಕಿನ ಬೆಲೆಯನ್ನು ಆಕೆಯ ತಾಯಿಯೂ ಕಟ್ಟಬೇಕಾಗುತ್ತದೆ ಎಂಬುದೂ ಸತ್ಯ. ಒಂದು ಸತ್ಯ ಇನ್ನೊಂದನ್ನು ಅಳಿಸುವುದಿಲ್ಲ. ನಾನು ಸೊಸೆಗೆ ಹಣ ಕೊಟ್ಟೆ, ಉಡುಗೊರೆ ಎಂದು ಒಂದು ಹಾಳೆ ಬರೆದು ಸಹಿ ಹಾಕಿದೆ. ಆ ದಿನ ಸಂಜೆಯೇ ಅಕ್ಕನಿಗೂ ತಿಳಿಸಿದೆ. ಮೂರು ವಾರ ಅಕ್ಕ ನನ್ನ ಫೋನು ಎತ್ತಲಿಲ್ಲ.

ಇಷ್ಟಾದರೂ ಕೊನೆಯ ಮಾತು ಚೀಟಿಯದು. ನಲವತ್ತರಲ್ಲಿ ಒಂದು ಕೂಡ ಅಲ್ಲ, ಅದಕ್ಕೂ ಕಡಿಮೆ. ಓದು, ಗುಣ, ಆಸೆ ಯಾವುದನ್ನೂ ನೋಡದೆ ಯಂತ್ರ ಹೆಸರು ಎತ್ತುವುದು ಅನ್ಯಾಯ ಎಂದು ಅನೇಕರು ನನ್ನೊಡನೆ ವಾದ ಮಾಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದಿಲ್ಲಿಯವರಿಗೆ ಚೀಟಿ ಹೊಸದಲ್ಲ. ಡಿಡಿಎ ಮನೆಗಳು ಹಂಚಿಕೆಯಾದದ್ದು ಚೀಟಿಯಿಂದ. ನರ್ಸರಿ ಶಾಲೆಯ ಸೀಟಿಗೂ ಇಲ್ಲಿ ಎಷ್ಟೋ ಕಡೆ ಚೀಟಿ ಎತ್ತುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ ತಮಿಳುನಾಡಿನ ಉತ್ತರಮೇರೂರಿನಲ್ಲಿ, ಹತ್ತನೆಯ ಶತಮಾನದಲ್ಲಿ, ಊರಿನ ಸಭೆಗೆ ಸದಸ್ಯರನ್ನು ಆರಿಸುವಾಗ ಅರ್ಹರ ಹೆಸರುಗಳನ್ನು ಓಲೆಯ ಮೇಲೆ ಬರೆದು, ಮಡಕೆಯಲ್ಲಿ ಹಾಕಿ, ಚಿಕ್ಕ ಹುಡುಗನ ಕೈಯಿಂದ ಎತ್ತಿಸುತ್ತಿದ್ದರೆಂದು ಶಾಸನ ಹೇಳುತ್ತದೆ. ಅಲ್ಲಿಯೂ ಮೊದಲು ಅರ್ಹತೆ, ಆಮೇಲೆ ಮಡಕೆ. ಅರ್ಹರು ಬಹಳ, ಜಾಗ ಕಡಿಮೆ ಎಂದಾಗ ಚೀಟಿ ಒಂದು ಮರ್ಯಾದೆ ಉಳಿಸುತ್ತದೆ. ಸಿಗದವನಿಗೆ 'ನೀನು ಯೋಗ್ಯನಲ್ಲ' ಎಂದು ಅದು ಹೇಳುವುದಿಲ್ಲ. ಸಂದರ್ಶನದಲ್ಲಿ ಸೋತವನು ತನ್ನನ್ನು ತಾನು ಹಳಿದುಕೊಳ್ಳುತ್ತಾನೆ. ಚೀಟಿಯಲ್ಲಿ ಸೋತವನಿಗೆ ಆ ಕಷ್ಟವಿಲ್ಲ. ಗೆದ್ದವನಿಗೂ ಇದರಲ್ಲಿ ಒಂದು ಪಾಠವಿದೆ, ನನ್ನ ಯೋಗ್ಯತೆಯಿಂದಲೇ ಬಂತು ಎಂದು ಬೀಗುವ ಹಾಗಿಲ್ಲ.

ಚೀಟಿಯ ನಿಜವಾದ ಅನ್ಯಾಯ ಮಡಕೆಯೊಳಗಿಲ್ಲ, ಮಡಕೆಯ ಹೊರಗಿದೆ. ಆ ಇಪ್ಪತ್ತೈದು ಡಾಲರನ್ನೂ ಕಟ್ಟಲಾಗದವರ ಹೆಸರು ಮಡಕೆಗೇ ಬೀಳುವುದಿಲ್ಲ. ಮೂರು ಲಕ್ಷ ಮರೆತು ಕೊಡುವ ಮಾಮಾ ಇಲ್ಲದ ಹುಡುಗಿಯ ಹೆಸರು ಬಂದರೂ ಆಕೆ ಏಜೆಂಟನ ಬಾಗಿಲಿಗೇ ಹೋಗಬೇಕು. ತೋರಿಸುವ ಹಣವನ್ನು ನಾನು ತಪ್ಪು ಎಂದೆನಲ್ಲ, ಆ ಹುಡುಗಿಯ ಎದುರು ನಿಂತು ಇದೇ ಮಾತನ್ನು ಇಷ್ಟೇ ಗಟ್ಟಿಯಾಗಿ ಹೇಳಬಲ್ಲೆನೇ? ತಪ್ಪು ಎಂದು ಹೇಳಬಲ್ಲೆ. ಆದರೆ ಆಕೆಯದು ಎಂದು ಹೇಳಲಾರೆ. ಪ್ರಾಮಾಣಿಕವಾಗಿರುವುದಕ್ಕೂ ಸ್ವಲ್ಪ ಆಸ್ತಿ ಬೇಕಾಗುತ್ತದೆ ಎಂಬುದು ನೀತಿಯ ಪುಸ್ತಕಗಳಲ್ಲಿ ಸಾಕಷ್ಟು ಬರೆದಿಲ್ಲದ ಸಂಗತಿ.

ಮೊದಲ ವರ್ಷ ನಮ್ಮ ಹುಡುಗಿಯ ಹೆಸರು ಬರಲಿಲ್ಲ. 'ಮಾಮಾ, ನಿಮ್ಮ ರೊಕ್ಕ ತಿರುಗಿ ಹಾಕ್ಲೇನ್ರಿ?' ಎಂದು ಕೇಳಿದಳು. ಅದು ನಿನ್ನದು, ನನ್ನನ್ನೇಕೆ ಕೇಳುತ್ತೀ ಎಂದೆ. ನನ್ನ ಮೊಣಕಾಲು ಹಾಗೇ ಇದೆ, ಮೆಟ್ರೋ ನಿಲ್ದಾಣದಲ್ಲಿ ಲಿಫ್ಟು ಇರುವುದರಿಂದ ನಡೆಯುತ್ತದೆ. ಮೂವತ್ತೊಂದು ತುಂಬುವವರೆಗೆ ಆಕೆಗೆ ಅವಕಾಶವಿತ್ತು, ಅವಸರವೇನಿಲ್ಲ ಎಂದುಕೊಂಡೆವು.

ಅಕ್ಕನಿಗೆ ಸುದ್ದಿ ಮುಟ್ಟಿದ ರಾತ್ರಿ ಆಕೆಯೇ ಫೋನು ಮಾಡಿದಳು. 'ಛಲೋ ಆತು ಬಿಡು' ಎಂದಳು. ಸ್ವಲ್ಪ ಹೊತ್ತು ಮಳೆ ಬೆಳೆಯ ಮಾತು ಆಡಿದೆವು. ಇನ್ನೇನು ಇಡಬೇಕು ಎನ್ನುವಾಗ ಕೇಳಿದಳು, 'ಅಲ್ಲೋ, ಆ ಆಸ್ಟ್ರೇಲಿಯಾದಾಗ ಥಂಡಿ ಭಾಳ ಇರತೈತೇನು? ಮುಂದಿನ ವರ್ಷ ಮತ್ತ ಹೆಸರು ಹಚ್ಚತಾಳಂತ. ಒಂದ್ ಸ್ವೆಟರ್ ಹಾಕಬೇಕಂದ್ರ ಈಗಿಂದ ಹೆಣೀಬೇಕಾಗ್ತದ.'